ಅಣುಬಾಂಬಿನ ನೋವು, ಬೆಂಕಿಬಾಂಬಿನ ನೋವು: ಲೋಕದ ಗಮನಕ್ಕೆ ಎರಡು ತೂಕ ಏಕೆ?



ಪ್ರತಿವರ್ಷ ಆಗಸ್ಟ್ ತಿಂಗಳು ಬಂತೆಂದರೆ ಶಾಲೆಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಹಿರೋಷಿಮಾ ಮತ್ತು ನಾಗಸಾಕಿ ಎಂಬ ಎರಡು ಊರುಗಳ ಹೆಸರು ಕೇಳಿಬರುತ್ತದೆ. ಜಪಾನ್ ದೇಶವನ್ನು ಕಾಣದ ನಮ್ಮ ಹಳ್ಳಿಯ ಮಕ್ಕಳೂ ಆ ಹೆಸರುಗಳನ್ನು ಬಲ್ಲರು. ಇದು ಒಳ್ಳೆಯದೇ. ಆದರೆ ಅದೇ ಯುದ್ಧದಲ್ಲಿ, ಅದೇ ದೇಶದಲ್ಲಿ, ಅದೇ ವರ್ಷ, ಒಂದೇ ರಾತ್ರಿಯಲ್ಲಿ ಸುಮಾರು ಒಂದು ಲಕ್ಷ ಜನ ಸುಟ್ಟು ಸತ್ತ ಇನ್ನೊಂದು ಊರಿನ ಸಂಗತಿಯನ್ನು ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ? ಸತ್ತವರ ನೋವು ಒಂದೇ ಆಗಿರುವಾಗ ಲೋಕದ ಗಮನ ಮಾತ್ರ ಏಕೆ ಬೇರೆಯಾಯಿತು? ಈ ಸಲದ ಅಧ್ಯಯನ ಪಾಠಕ್ಕೆ ಈ ಪ್ರಶ್ನೆಯನ್ನೇ ಆರಿಸಿಕೊಳ್ಳಲಾಗಿದೆ. ಗೋಷ್ಠಿಯಲ್ಲಿ ಒಬ್ಬರು ಓದಿ ಉಳಿದವರು ಕೇಳಿ, ಕೊನೆಯ ಪ್ರಶ್ನೆಗಳನ್ನು ಎಲ್ಲರೂ ಕೂಡಿ ಚರ್ಚಿಸಬೇಕು.

1. ಎರಡು ಊರು, ಎರಡು ಬೆಂಕಿ

ಮೊದಲು ನಡೆದ ಸಂಗತಿಯನ್ನು ತಿಳಿಯೋಣ. 1945ರ ಮಾರ್ಚ್ 9ರ ರಾತ್ರಿ ಅಮೇರಿಕೆಯ ವಿಮಾನಗಳು ಪೆಸಿಫಿಕ್ ಸಾಗರದ ಮರಿಯಾನಾ ದ್ವೀಪಗಳಿಂದ ಹೊರಟವು. ಅವುಗಳಲ್ಲಿ 279 ವಿಮಾನಗಳು ಮಧ್ಯರಾತ್ರಿ ಕಳೆದ ಮೇಲೆ ಜಪಾನಿನ ರಾಜಧಾನಿ ಟೋಕಿಯೋದ ಮೇಲೆ ಬಂದವು. ಅವು ಸುರಿಸಿದ್ದು ಹೊಸ ಅಸ್ತ್ರವನ್ನೇನಲ್ಲ. ಪೆಟ್ರೋಲಿನಿಂದ ಮಾಡಿದ ಅಂಟು ಪದಾರ್ಥವನ್ನು ತುಂಬಿದ ಸಣ್ಣ ಸಣ್ಣ ಬೆಂಕಿಬಾಂಬುಗಳು, ಒಟ್ಟು ಸುಮಾರು 1,665 ಟನ್. ಬಾಂಬು ಬಿದ್ದ ಭಾಗದಲ್ಲಿ ಇದ್ದವರು ಬಡವರು, ಕುಶಲಕರ್ಮಿಗಳು, ಕೂಲಿಕಾರರು, ಚಿಕ್ಕ ಅಂಗಡಿಯವರು. ಮನೆಗಳು ಕಟ್ಟಿಗೆಯವು, ಬಾಗಿಲುಗಳು ಕಾಗದದವು. ಆ ರಾತ್ರಿ ಗಾಳಿಯೂ ಜೋರಾಗಿತ್ತು. ಜನ ಕಾಲುವೆಗಳಿಗೂ ಸುಮಿದಾ ನದಿಗೂ ಹಾರಿದರು. ಅಲ್ಲಿಯೂ ಬೆಂಕಿ, ಹೊಗೆ, ನೂಕುನುಗ್ಗಲು ಅವರನ್ನು ಬಿಡಲಿಲ್ಲ. ಬೆಳಗಾಗುವ ಹೊತ್ತಿಗೆ ಸುಮಾರು 41 ಚದರ ಕಿಲೋಮೀಟರ್ ಊರು ಬೂದಿಯಾಗಿತ್ತು. ಸತ್ತವರು ಸುಮಾರು ಒಂದು ಲಕ್ಷ, ಮನೆ ಕಳೆದುಕೊಂಡವರು ಹತ್ತು ಲಕ್ಷಕ್ಕೂ ಹೆಚ್ಚು.

ಐದು ತಿಂಗಳ ನಂತರ, ಆಗಸ್ಟ್ 6ರ ಬೆಳಿಗ್ಗೆ 8 ಗಂಟೆ 15 ನಿಮಿಷಕ್ಕೆ ಹಿರೋಷಿಮಾದ ಮೇಲೆ ಒಂದೇ ವಿಮಾನ ಒಂದೇ ಬಾಂಬನ್ನು ಹಾಕಿತು. ಆ ವರ್ಷದ ಕೊನೆಯೊಳಗೆ ಸುಮಾರು 1 ಲಕ್ಷ 40 ಸಾವಿರ ಜನ ಸತ್ತರು. ಆಗಸ್ಟ್ 9ರಂದು ನಾಗಸಾಕಿಯಲ್ಲಿ ಎರಡನೆಯ ಬಾಂಬು ಬಿದ್ದು, ವರ್ಷಾಂತ್ಯದೊಳಗೆ ಅಲ್ಲಿ ಸತ್ತವರು ಸುಮಾರು 74 ಸಾವಿರ.

ಈ ನಡುವೆ ಜಪಾನಿನ 60ಕ್ಕೂ ಹೆಚ್ಚು ಪಟ್ಟಣಗಳು ಬೆಂಕಿಬಾಂಬಿಗೆ ತುತ್ತಾದವು. ಹಿರೋಷಿಮಾಕ್ಕೆ ಕೇವಲ ನಾಲ್ಕೈದು ದಿನ ಮೊದಲು ತೊಯಾಮಾ ಎಂಬ ಪಟ್ಟಣ ಒಂದೇ ರಾತ್ರಿಯಲ್ಲಿ ಬಹುತೇಕ ಪೂರ್ಣವಾಗಿ ಸುಟ್ಟುಹೋಯಿತು. ಆ ದೇಶದ ಹೊರಗೆ ಆ ಹೆಸರನ್ನು ಬಲ್ಲವರು ವಿರಳ.

2. ನೆನಪು ಹರಿದ ದಾರಿ

ಮುಂದೆ ಏನಾಯಿತೆಂಬುದನ್ನು ಗಮನಿಸಬೇಕು. 1946ರ ಆಗಸ್ಟ್ 31ರ ಸಂಚಿಕೆಯಲ್ಲಿ ಅಮೇರಿಕೆಯ 'ನ್ಯೂಯಾರ್ಕರ್' ವಾರಪತ್ರಿಕೆಯು ತನ್ನ ಇಡೀ ಸಂಚಿಕೆಯನ್ನು ಜಾನ್ ಹರ್ಸಿ ಎಂಬ ವರದಿಗಾರನ ಒಂದೇ ಲೇಖನಕ್ಕೆ ಮೀಸಲಿಟ್ಟಿತು. ಹಿರೋಷಿಮಾದಲ್ಲಿ ಬದುಕುಳಿದ ಆರು ಜನರ ವೃತ್ತಾಂತ ಅದು. ಸತ್ತವರ ಲೆಕ್ಕಕ್ಕೆ ಮುಖ ಬಂತು, ಹೆಸರು ಬಂತು. ಎರಡು ವರ್ಷದ ಮಗುವಾಗಿದ್ದಾಗ ಬಾಂಬಿಗೆ ಸಿಕ್ಕ ಸಡಾಕೊ ಸಸಾಕಿ ಎಂಬ ಬಾಲೆ 1955ರಲ್ಲಿ, ತನ್ನ 12ನೆಯ ವಯಸ್ಸಿನಲ್ಲಿ, ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಳು. ಅವಳ ನೆನಪಿಗಾಗಿ ಜಪಾನಿನ ಮಕ್ಕಳು ಹಣ ಕೂಡಿಸಿದರು. 1958ರಲ್ಲಿ ಸ್ಮಾರಕ ಎದ್ದಿತು. 1957ರಲ್ಲಿ ಜಪಾನ್ ಸರ್ಕಾರ ಅಣುಬಾಂಬು ಸಂತ್ರಸ್ತರ ವೈದ್ಯೋಪಚಾರಕ್ಕೆ ಕಾನೂನು ಮಾಡಿತು. 1996ರಲ್ಲಿ ಹಿರೋಷಿಮಾದ ಮುರಿದ ಗುಮ್ಮಟದ ಕಟ್ಟಡ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 2024ರಲ್ಲಿ ಸಂತ್ರಸ್ತರ ಸಂಘವಾದ ನಿಹೋನ್ ಹಿದಾಂಕ್ಯೊಗೆ ನೊಬೆಲ್ ಶಾಂತಿ ಪಾರಿತೋಷಕ ದೊರೆಯಿತು.

ಟೋಕಿಯೋದಲ್ಲಿ ಬೆಂದವರ ಗತಿ ಹೀಗಾಗಲಿಲ್ಲ. ಅಲ್ಲಿ ಸತ್ತವರ ಚಿತಾಭಸ್ಮವನ್ನು 1923ರ ಭೂಕಂಪದಲ್ಲಿ ಸತ್ತವರಿಗಾಗಿ ಕಟ್ಟಿದ್ದ ಮಂದಿರದಲ್ಲಿಯೇ ಇರಿಸಲಾಯಿತು. ತಮ್ಮದೇ ಆದ ಮಂದಿರವೊಂದು ಅವರಿಗೆ ಸಿಗಲಿಲ್ಲ. 1990ರ ದಶಕದಲ್ಲಿ ಟೋಕಿಯೋ ಆಡಳಿತ ಯೋಜಿಸಿದ್ದ ಸ್ಮಾರಕ ಸಂಗ್ರಹಾಲಯ ಏಳಲಿಲ್ಲ. ಕೊನೆಗೆ ಕತ್ಸುಮೊತೊ ಸಾವೊತೊಮೆ ಎಂಬ ಲೇಖಕರ ಮುಂದಾಳುತನದಲ್ಲಿ ಜನರ ದೇಣಿಗೆಯಿಂದ ಒಂದು ಚಿಕ್ಕ ಸಂಗ್ರಹಾಲಯ 2002ರಲ್ಲಿ ತೆರೆಯಿತು. ಆ ಹೊತ್ತಿಗೆ 57 ವರ್ಷ ಸಂದಿದ್ದವು.

ಪರಿಹಾರದ ವಿಷಯವೂ ಹೀಗೆಯೇ. ಸೈನಿಕರಿಗೂ ಅವರ ಕುಟುಂಬಗಳಿಗೂ 1952ರ ಕಾನೂನಿನಿಂದ ನೆರವು ಬಂತು. ಅಣುಬಾಂಬಿಗೆ ಸಿಕ್ಕವರಿಗೆ 1957ರಿಂದ ಬಂತು. ಬೆಂಕಿಬಾಂಬಿನಲ್ಲಿ ಕೈಕಾಲು ಕಳೆದುಕೊಂಡ ಸಾಮಾನ್ಯ ನಾಗರಿಕರಿಗೆ, ತಂದೆತಾಯಿ ಕಳೆದುಕೊಂಡ ಅನಾಥರಿಗೆ ಅಂಥ ಕಾನೂನು ಬರಲಿಲ್ಲ. ನಗೋಯಾ ಎಂಬ ಊರಿನ ಸಂತ್ರಸ್ತರು ಹಾಕಿದ ದಾವೆಯಲ್ಲಿ ಜಪಾನಿನ ಸುಪ್ರೀಂ ಕೋರ್ಟು 1987ರಲ್ಲಿ, ಯುದ್ಧದ ಹಾನಿಯನ್ನು ಪ್ರಜೆಗಳೆಲ್ಲ ಸಮನಾಗಿ ಸಹಿಸಿಕೊಳ್ಳಬೇಕಾಗಿತ್ತು ಎಂಬ ಅರ್ಥದ ತೀರ್ಪು ಕೊಟ್ಟಿತು. ಟೋಕಿಯೋದ ನೂರಕ್ಕೂ ಹೆಚ್ಚು ಸಂತ್ರಸ್ತರು 2007ರಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಿದರು. 2013ರಲ್ಲಿ ಸುಪ್ರೀಂ ಕೋರ್ಟಿನಲ್ಲಿಯೂ ಸೋತರು. ಅಷ್ಟರಲ್ಲಿ ಅವರು ಮುಪ್ಪಿನವರಾಗಿದ್ದರು. ಇನ್ನೊಂದು ಸಂಗತಿಯನ್ನೂ ಹೇಳಬೇಕು. ಆ ಬೆಂಕಿಬಾಂಬು ದಾಳಿಯನ್ನು ರೂಪಿಸಿದ ಅಮೇರಿಕೆಯ ಸೇನಾಧಿಕಾರಿ ಕರ್ಟಿಸ್ ಲೆಮೇ ಅವರಿಗೆ 1964ರಲ್ಲಿ ಜಪಾನ್ ಸರ್ಕಾರವೇ, ತನ್ನ ವಾಯುಸೇನೆಯನ್ನು ಕಟ್ಟಲು ನೆರವಾದರೆಂದು, ದೊಡ್ಡ ಪ್ರಶಸ್ತಿಯನ್ನಿತ್ತು ಗೌರವಿಸಿತು.

ಇದರಿಂದ ತಿಳಿಯುವುದೇನು? ಲೋಕದ ಗಮನವೆಂಬುದು ಬರೀ ಕಣ್ಣೀರಿನ ಮಾತಲ್ಲ. ಗಮನ ಹರಿದ ಕಡೆ ಕಾನೂನು ಹರಿಯುತ್ತದೆ, ಔಷಧಿ ಹರಿಯುತ್ತದೆ, ಹಣ ಹರಿಯುತ್ತದೆ. ಕಾಲುವೆಯ ತಲೆಗಿರುವ ಹೊಲಕ್ಕೆ ನೀರು ಸಿಕ್ಕು ಬಾಲದಲ್ಲಿರುವ ಹೊಲ ಒಣಗುವ ಹಾಗೆ, ಗಮನ ತಲುಪದ ನೋವು ಒಣಗಿಯೇ ಹೋಗುತ್ತದೆ.

3. ಗಮನ ಬೇರೆಯಾಗಲು ಕಾರಣಗಳು

ಮೊದಲನೆಯ ಕಾರಣ, ಕಥೆಯ ಆಕಾರ. ಒಂದು ವಿಮಾನ, ಒಂದು ಬಾಂಬು, ಒಂದು ಗಳಿಗೆ. ಇದನ್ನು ಮಗುವಿಗೂ ಒಂದು ಮಾತಿನಲ್ಲಿ ಹೇಳಬಹುದು. ನೂರಾರು ವಿಮಾನ, ಲಕ್ಷಾಂತರ ಬೆಂಕಿಯುಂಡೆ, 60 ಊರು, ಐದು ತಿಂಗಳು ಎಂದರೆ ಕೇಳುವವನ ಮನಸ್ಸು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಜಾರಿಹೋಗುತ್ತದೆ.

ಎರಡನೆಯ ಕಾರಣ, ಹೊಸತನ. ಬೆಂಕಿ ಮನುಷ್ಯನಿಗೆ ಹಳೆಯ ಪರಿಚಯ. ವಿಕಿರಣವೆಂಬುದು ಕಣ್ಣಿಗೆ ಕಾಣದ, ಅದುವರೆಗೆ ಕೇಳರಿಯದ ಪೀಡೆ. ಗಾಯವೇ ಇಲ್ಲದವರೂ ಕೂದಲುದುರಿ, ರಕ್ತಕಾರಿ ಸತ್ತಾಗ ಲೋಕ ಬೆಚ್ಚಿತು.

ಮೂರನೆಯ ಕಾರಣ, ಎಲ್ಲರ ಕೈಗೂ ಅಂಟಿದ ಮಸಿ. ಊರುಗಳ ಮೇಲೆ ಬಾಂಬು ಹಾಕುವುದನ್ನು ಆ ಯುದ್ಧದಲ್ಲಿ ಒಬ್ಬರೇ ಮಾಡಲಿಲ್ಲ. ಜರ್ಮನಿ ಲಂಡನ್ನಿನ ಮೇಲೆ ಹಾಕಿತು. ಬ್ರಿಟನ್ ಮತ್ತು ಅಮೇರಿಕ ಹ್ಯಾಂಬರ್ಗ್, ಡ್ರೆಸ್ಡೆನ್ ನಗರಗಳನ್ನು ಸುಟ್ಟವು. ಜಪಾನ್ ತಾನೇ 1938ರಿಂದ ಚೀನದ ಚುಂಗ್‌ಕಿಂಗ್ ನಗರದ ಮೇಲೆ ವರ್ಷಾನುಗಟ್ಟಲೆ ಬಾಂಬು ಸುರಿಸಿತ್ತು. ಎಲ್ಲರೂ ಮಾಡಿದ ತಪ್ಪನ್ನು ಪಂಚಾಯಿತಿಗೆ ತರುವವರು ಯಾರು?

ನಾಲ್ಕನೆಯ ಕಾರಣ ಎಲ್ಲಕ್ಕಿಂತ ಮುಖ್ಯ. ಅದು ನಮ್ಮ ನಮ್ಮ ಭಯ. ಯುದ್ಧ ಮುಗಿದ ಮೊದಲ ವರ್ಷಗಳಲ್ಲಿ ಹಿರೋಷಿಮಾದ ಸುದ್ದಿಗೂ ಅಮೇರಿಕೆಯ ಆಡಳಿತ ಜಪಾನಿನ ಪತ್ರಿಕೆಗಳಲ್ಲಿ ತಡೆ ಹಾಕಿತ್ತು. ಜಪಾನಿನ ಜನ ದೊಡ್ಡ ಸಂಖ್ಯೆಯಲ್ಲಿ ಎದ್ದದ್ದು 1954ರಲ್ಲಿ. ಆ ವರ್ಷ ಮಾರ್ಚ್ 1ರಂದು ಬಿಕಿನಿ ದ್ವೀಪದಲ್ಲಿ ಅಮೇರಿಕ ನಡೆಸಿದ ಜಲಜನಕ ಬಾಂಬಿನ ಪರೀಕ್ಷೆಯ ಬೂದಿ ಜಪಾನಿನ ಒಂದು ಮೀನುಗಾರಿಕೆ ದೋಣಿಯ ಮೇಲೆ ಬಿತ್ತು. ಅದರಲ್ಲಿದ್ದ 23 ಜನರೂ ಕಾಯಿಲೆ ಬಿದ್ದರು, ಒಬ್ಬರು ಸತ್ತರು. ವಿಷ ತಗುಲಿದ ಮೀನು ಪೇಟೆಗೆ ಬಂದಿದೆಯೆಂಬ ಸುದ್ದಿ ಹಬ್ಬಿ ಮೀನಿನ ವ್ಯಾಪಾರವೇ ಕುಸಿಯಿತು. ಆಗ ಟೋಕಿಯೋದ ಸುಗಿನಾಮಿ ಎಂಬ ಭಾಗದ ಗೃಹಿಣಿಯರು ಅಣುಬಾಂಬಿನ ವಿರುದ್ಧ ಸಹಿ ಕೂಡಿಸಲು ಹೊರಟರು. ಮರುವರ್ಷದ ಆಗಸ್ಟ್ ವೇಳೆಗೆ ದೇಶದಲ್ಲಿ 3 ಕೋಟಿಗೂ ಹೆಚ್ಚು ಸಹಿ ಬಿದ್ದವು. ಹಿರೋಷಿಮಾ ಎಲ್ಲರ ಮಾತಾಯಿತು.

ಬಂಧುಗಳೇ, ಇಲ್ಲಿ ಎರಡು ಪಾಠಗಳಿವೆ. ಒಂದು, ಆ ಗಮನ ಆಕಾಶದಿಂದ ಉದುರಲಿಲ್ಲ. ಸಂತ್ರಸ್ತರೂ ಮನೆವಾರ್ತೆಯ ಹೆಣ್ಣುಮಕ್ಕಳೂ ಅದನ್ನು ದುಡಿದು ಗಳಿಸಿದರು. ಎರಡು, ಅಪಾಯ ತಮ್ಮ ತಾಟಿನ ವರೆಗೆ ಬಂದಾಗ ಜನ ಎದ್ದರು. ಅಣುಬಾಂಬನ್ನು ನೆನೆಯುವಾಗ ನಾವು ಸತ್ತವರನ್ನು ಮಾತ್ರ ನೆನೆಯುವುದಿಲ್ಲ. ಅದು ನಾಳೆ ನಮ್ಮ ಮೇಲೂ ಬೀಳಬಹುದೆಂದು ನೆನೆಯುತ್ತೇವೆ. ಸುಟ್ಟುಹೋದ ಟೋಕಿಯೋ ನಮ್ಮನ್ನು ಹೆದರಿಸುವುದಿಲ್ಲ. ಹೆದರಿಸದ್ದನ್ನು ಮನಸ್ಸು ಮರೆಯುತ್ತದೆ. ಭಯದಿಂದ ಹುಟ್ಟಿದ ನೆನಪು ಬೇರೆ, ದಯೆಯಿಂದ ಹುಟ್ಟಿದ ನೆನಪು ಬೇರೆ.

4. ಅಣುಬಾಂಬು ನಿಜವಾಗಿ ಬೇರೆಯಲ್ಲವೇ?

ಇಲ್ಲಿ ಒಬ್ಬರು ನ್ಯಾಯವಾಗಿಯೇ ಕೇಳಬಹುದು: "ಅಣುಬಾಂಬಿಗೂ ಉಳಿದ ಬಾಂಬಿಗೂ ವ್ಯತ್ಯಾಸವೇ ಇಲ್ಲವೇ? ಹೆಚ್ಚಿನ ಗಮನ ತಪ್ಪೇ?" ತಪ್ಪಲ್ಲ. ಒಂದೇ ಬಾಂಬಿನಿಂದ ಒಂದು ನಗರ ಅಳಿಯುವುದು, ಸಾವಿರಾರು ಬಾಂಬುಗಳು ಒಮ್ಮೆಗೇ ಸಿಡಿದರೆ ಭೂಮಿಯ ಬೆಳೆಯೇ ಕೆಡಬಹುದಾದದ್ದು ದೊಡ್ಡ ಮಾತು. ಹಿರೋಷಿಮಾದ ಸ್ಮಾರಕದಲ್ಲಿಟ್ಟ ಪಟ್ಟಿಗೆ ಪ್ರತಿವರ್ಷವೂ ಹೊಸ ಹೆಸರುಗಳು ಸೇರುತ್ತ ಬಂದು 2024ರಲ್ಲಿ ಅದು 3 ಲಕ್ಷ 40 ಸಾವಿರ ಮೀರಿತ್ತು. 1945ರ ನಂತರ ಆ ಅಸ್ತ್ರವನ್ನು ಯುದ್ಧದಲ್ಲಿ ಯಾರೂ ಬಳಸಿಲ್ಲ. ಅದಕ್ಕೆ ಲೋಕದ ಆ ಗಮನವೂ ಒಂದು ಕಾರಣ.

ಆದರೆ "ಅಣುಬಾಂಬು ಮಾತ್ರ ವರ್ಷಗಳ ನಂತರವೂ ಕೊಲ್ಲುತ್ತದೆ, ಉಳಿದ ಬಾಂಬು ಬಿದ್ದ ದಿನವೇ ಮುಗಿಯುತ್ತದೆ" ಎಂದು ತಿಳಿದರೆ ಅದು ಸರಿಯಲ್ಲ. ಇದಕ್ಕೆ ಲಾವೋಸ್ ದೇಶವೇ ಸಾಕ್ಷಿ. ವಿಯೆಟ್ನಾಂ ಯುದ್ಧದ ಕಾಲದಲ್ಲಿ, 1964ರಿಂದ 1973ರ ವರೆಗೆ, ಅಮೇರಿಕ ಆ ಬಡ ಒಕ್ಕಲಿಗರ ನಾಡಿನ ಮೇಲೆ 20 ಲಕ್ಷ ಟನ್ನಿಗೂ ಹೆಚ್ಚು ಬಾಂಬು ಸುರಿಸಿತು. ದೊಡ್ಡ ಬಾಂಬಿನ ಹೊಟ್ಟೆಯಲ್ಲಿ ಚೆಂಡಿನಷ್ಟು ಗಾತ್ರದ ನೂರಾರು ಮರಿಬಾಂಬುಗಳಿದ್ದವು. ಅಂಥ 27 ಕೋಟಿ ಮರಿಬಾಂಬುಗಳಲ್ಲಿ ಸುಮಾರು ನೂರಕ್ಕೆ 30ರಷ್ಟು ಸಿಡಿಯದೆ ಮಣ್ಣಿನಲ್ಲಿಯೇ ಉಳಿದವೆಂದು ಅಂದಾಜು. ಯುದ್ಧ ಮುಗಿದ ಮೇಲೆ ಅವುಗಳಿಂದ ಸತ್ತವರು ಮತ್ತು ಅಂಗಹೀನರಾದವರು 20 ಸಾವಿರಕ್ಕೂ ಹೆಚ್ಚು. ಗದ್ದೆ ಅಗೆಯುವಾಗ ಗುದ್ದಲಿ ತಾಗಿದವರು, ಒಲೆ ಹಚ್ಚಿದ ಜಾಗದ ಕೆಳಗೆ ಬಾಂಬಿದೆಯೆಂದು ತಿಳಿಯದವರು, ಆಟದ ಚೆಂಡೆಂದು ಎತ್ತಿಕೊಂಡ ಮಕ್ಕಳು ಅವರಲ್ಲಿದ್ದಾರೆ. ತನ್ನ ಹೊಲವನ್ನು ತಾನೇ ಹೆದರಿ ಹೆದರಿ ಅಗೆಯುವ ಒಕ್ಕಲಿಗನ ಸಂಕಟ ನಮ್ಮ ರೈತ ಬಂಧುಗಳಿಗೆ ಬೇರೆಯವರು ಬಿಡಿಸಿ ಹೇಳಬೇಕಾಗಿಲ್ಲ. ಮರಿಬಾಂಬುಗಳನ್ನು ನಿಷೇಧಿಸುವ ಒಪ್ಪಂದಕ್ಕೆ ಲೋಕದ ಹಲವು ದೇಶಗಳು ಸಹಿ ಹಾಕಿದ್ದು 2008ರಲ್ಲಿ, ಅಂದರೆ ಲಾವೋಸಿನ ಮೇಲೆ ಬಾಂಬು ನಿಂತು 35 ವರ್ಷದ ನಂತರ. ನಮ್ಮ ದೇಶವೂ ಅಮೇರಿಕವೂ ಅದಕ್ಕೆ ಸೇರಿಲ್ಲ.

5. ನಮ್ಮ ನೆಲದ ಮಾತು

ಇಷ್ಟು ಹೊತ್ತು ಪರದೇಶದ ಮಾತಾಯಿತು. ಅದೇ ಯುದ್ಧದಲ್ಲಿ ನಮ್ಮ ದೇಶದಲ್ಲಿಯೂ ಒಂದು ಮಹಾ ಸಂಕಟ ನಡೆಯಿತು. ಅಲ್ಲಿ ಕೊಂದದ್ದು ಬಾಂಬಲ್ಲ, ಹಸಿವು. 1942ರಲ್ಲಿ ಬರ್ಮಾ ದೇಶ ಜಪಾನಿನ ವಶವಾಗಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಶತ್ರು ಬಂದರೆ ಉಪಯೋಗವಾಗಬಾರದೆಂದು ಬ್ರಿಟಿಷ್ ಸರ್ಕಾರ ಬಂಗಾಳದ ಕರಾವಳಿಯಲ್ಲಿ ದೋಣಿಗಳನ್ನು ಕಸಿದುಕೊಂಡಿತು, ಅಕ್ಕಿಯ ದಾಸ್ತಾನನ್ನು ಸಾಗಿಸಿತು. ಆ ವರ್ಷದ ಅಕ್ಟೋಬರಿನಲ್ಲಿ ಚಂಡಮಾರುತವೂ ಬಡಿಯಿತು. ಸೇನೆಗೂ ಕಲ್ಕತ್ತೆಯ ಕಾರ್ಖಾನೆಗಳಿಗೂ ಅಕ್ಕಿ ಮೊದಲು ಹೋಗಬೇಕಾಯಿತು. ಧಾರಣೆ ಏರುತ್ತದೆಂಬ ಆಸೆಯಿಂದ ಮುಚ್ಚಿಟ್ಟವರೂ ಇದ್ದರು. ಅಕ್ಕಿಯ ಬೆಲೆ ಹಲವು ಪಟ್ಟು ಏರಿ ಕೂಲಿಕಾರ, ಬೆಸ್ತ, ನೇಕಾರ ಮುಂತಾದವರಿಗೆ ಅನ್ನ ಎಟಕಲಿಲ್ಲ. 1943ರಲ್ಲಿ ಆರಂಭವಾದ ಆ ಬರದಲ್ಲಿ ಮತ್ತು ಅದರ ಹಿಂದೆ ಬಂದ ರೋಗಗಳಲ್ಲಿ ಸತ್ತವರು ಸರ್ಕಾರಿ ಆಯೋಗದ ಅಂದಾಜಿನಂತೆ 15 ಲಕ್ಷ, ಮುಂದಿನ ಸಂಶೋಧಕರ ಅಂದಾಜಿನಂತೆ 20ರಿಂದ 30 ಲಕ್ಷ.

ಆ ಸಂಕಟಕ್ಕೂ ಮೊದಮೊದಲು ಲೋಕದ ಗಮನ ಸಿಗಲಿಲ್ಲ. ಯುದ್ಧಕಾಲದ ಕಟ್ಟುಪಾಡಿನಿಂದ ಪತ್ರಿಕೆಗಳ ಕೈ ಕಟ್ಟಿತ್ತು. ಸರ್ಕಾರ ಅದನ್ನು ಕ್ಷಾಮವೆಂದು ಘೋಷಿಸಲೇ ಇಲ್ಲ. 1943ರ ಆಗಸ್ಟ್ 22ರಂದು ಕಲ್ಕತ್ತೆಯ 'ಸ್ಟೇಟ್ಸ್‌ಮನ್' ಪತ್ರಿಕೆಯ ಸಂಪಾದಕ ಇಯಾನ್ ಸ್ಟೀಫನ್ಸ್ ಅವರು ಬೀದಿಯಲ್ಲಿ ಬಿದ್ದಿದ್ದ ಹಸಿದವರ ಚಿತ್ರಗಳನ್ನು ಧೈರ್ಯದಿಂದ ಅಚ್ಚುಹಾಕಿದರು. ಆ ಮೇಲೆಯೇ ದೂರದ ದೇಶಗಳಿಗೂ ಸುದ್ದಿ ಮುಟ್ಟಿತು, ಸರ್ಕಾರದ ಮೇಲೆ ಒತ್ತಡ ಹೆಚ್ಚಿತು. ಒಂದು ಚಿತ್ರ ಒಂದು ತಿಂಗಳು ಮೊದಲೇ ಬಂದಿದ್ದರೆ ಎಷ್ಟು ಜೀವ ಉಳಿಯುತ್ತಿದ್ದವೋ! ನಮ್ಮ ಸಂಸತ್ತಿನಲ್ಲಿ ಆಗಸ್ಟ್ ತಿಂಗಳಲ್ಲಿ ಹಿರೋಷಿಮಾದಲ್ಲಿ ಮಡಿದವರಿಗೆ ಶ್ರದ್ಧಾಂಜಲಿ ಸಲ್ಲಿಸುವುದುಂಟು, ಅದು ಯೋಗ್ಯವೇ. ಬಂಗಾಳದಲ್ಲಿ ಹಸಿದು ಸತ್ತ ಲಕ್ಷಾಂತರ ಜನರಿಗೆ ನಾವು ಯಾವ ದಿನ ಮೌನ ನಿಲ್ಲುತ್ತೇವೆ?

ಇನ್ನೂ ಹತ್ತಿರದ ಉದಾಹರಣೆ ಬೇಕಾದರೆ ಕಾರ್ಗಿಲ್ ಇದೆ. 1998ರ ಮೇ ತಿಂಗಳಲ್ಲಿ ಭಾರತ ಪೋಖ್ರಾನಿನಲ್ಲಿಯೂ ಪಾಕಿಸ್ತಾನ ಚಾಗೈ ಬೆಟ್ಟದಲ್ಲಿಯೂ ಅಣ್ವಸ್ತ್ರ ಪರೀಕ್ಷೆ ನಡೆಸಿದವು. ಮರುವರ್ಷ ಕಾರ್ಗಿಲ್ ಯುದ್ಧ ನಡೆದಾಗ ಪರದೇಶಗಳು ಮುಖ್ಯವಾಗಿ ಚಿಂತಿಸಿದ್ದು, ಇದು ಅಣುಯುದ್ಧವಾದೀತೇ ಎಂದು. ಆ ಚಿಂತೆ ಸರಿಯಾದದ್ದೇ. ಆದರೆ ಆ ಬೇಸಿಗೆಯಲ್ಲಿ ನಮ್ಮ 527 ಯೋಧರನ್ನು ಬಲಿ ತೆಗೆದುಕೊಂಡದ್ದು ಸಾಮಾನ್ಯ ಗುಂಡು, ತೋಪಿನ ಗುಂಡು. ಅಣುಬಾಂಬು ಬೀಳಲಿಲ್ಲವೆಂದು ಲೋಕ ನಿಟ್ಟುಸಿರು ಬಿಟ್ಟ ಹೊತ್ತಿಗೆ ಅಷ್ಟು ಮನೆಗಳಲ್ಲಿ ದೀಪ ಆರಿತ್ತು.

6. ನಾವು ಮಾಡಬೇಕಾದುದು

ಹಾಗಾದರೆ ಹಿರೋಷಿಮಾವನ್ನು ಕಡಿಮೆ ನೆನೆಯಬೇಕೆಂದು ಅರ್ಥವೇ? ಖಂಡಿತ ಅಲ್ಲ. ಒಂದು ದೀಪವನ್ನು ಆರಿಸಿ ಇನ್ನೊಂದನ್ನು ಹಚ್ಚುವುದು ಬುದ್ಧಿವಂತಿಕೆಯಲ್ಲ. ಹಿರೋಷಿಮಾದವರು ಗಳಿಸಿದ ಗಮನ ಉಳಿದವರಿಗೂ ದಾರಿಯಾಗಬೇಕು.

ಅಸ್ತ್ರದ ಹೆಸರು ನೋಡಿ ನೋವಿನ ತೂಕ ನಿರ್ಧರಿಸುವುದನ್ನು ನಾವು ಬಿಡಬೇಕು. ದಲಾಲಿ ಅಂಗಡಿಯಲ್ಲಿ ಜೋಳಕ್ಕೆ ಒಂದು ಕಲ್ಲು, ಕಡಲೆಗೆ ಇನ್ನೊಂದು ಕಲ್ಲು ಇಟ್ಟುಕೊಂಡವನನ್ನು ಊರು ನಂಬುವುದಿಲ್ಲ. ಮನುಷ್ಯರ ನೋವನ್ನು ತೂಗುವಾಗಲೂ ಕಲ್ಲು ಒಂದೇ ಇರಬೇಕು. ಅಣುಬಾಂಬಿನಿಂದ ಬೆಂದ ತಾಯಿಗೂ ಬೆಂಕಿಬಾಂಬಿನಿಂದ ಬೆಂದ ತಾಯಿಗೂ ಉರಿ ಒಂದೇ. ಹಸಿವಿನಿಂದ ಮಗುವನ್ನು ಕಳೆದುಕೊಂಡವಳ ದುಃಖ ಅದಕ್ಕೆ ಕಡಿಮೆಯದಲ್ಲ.

ಇನ್ನು ಮುಂದೆ ಯಾವುದೇ ಯುದ್ಧದ ಸುದ್ದಿ ಕೇಳಿದಾಗ ಮೂರು ಮಾತು ಕೇಳಿಕೊಳ್ಳುವ ರೂಢಿ ಮಾಡೋಣ. ಸತ್ತವರಲ್ಲಿ ಆಯುಧ ಹಿಡಿಯದವರು ಎಷ್ಟು? ಯುದ್ಧ ನಿಂತ ಮೇಲೆ ಯಾರ ಹೊಲದಲ್ಲಿ, ಯಾರ ದೇಹದಲ್ಲಿ ಅದು ಉಳಿಯಿತು? ಈ ಸುದ್ದಿಯಲ್ಲಿ ಹೆಸರೇ ಬಾರದ ಊರು ಯಾವುದು? ಈ ಮೂರನೆಯ ಪ್ರಶ್ನೆಯನ್ನು ಕೇಳುವವರು ಕಡಿಮೆ. ರಾಜ್ಯದ ಗಡಿಯಾಚೆ ನೆಲೆಸಿ, ಎರಡೂ ಕಡೆಯ ರಾಜಧಾನಿಗಳಿಗೆ ದೂರದವರಾಗಿ, ತಮ್ಮ ಊರಿನ ಮಾತು ಪತ್ರಿಕೆಯ ಮೂಲೆಗೂ ಬಾರದಿದ್ದಾಗ ಹೇಗಿರುತ್ತದೆಂದು ಬಲ್ಲ ನಾವಾದರೂ ಅದನ್ನು ಕೇಳಬೇಕು.

ಗೋಷ್ಠಿಯಲ್ಲಿ ಚರ್ಚಿಸಲು ಪ್ರಶ್ನೆಗಳು

1) ಟೋಕಿಯೋದ ಸಂತ್ರಸ್ತರಿಗೆ ಪರಿಹಾರ ಸಿಗದಿರಲು ನ್ಯಾಯಾಲಯ ಕೊಟ್ಟ ಕಾರಣ ನಿಮಗೆ ಸರಿಯೆನಿಸುತ್ತದೆಯೇ? ಏಕೆ?

2) 1954ರಲ್ಲಿ ಸುಗಿನಾಮಿಯ ಗೃಹಿಣಿಯರು ಸಹಿ ಕೂಡಿಸಲು ಹೊರಟದ್ದು ಭಯದಿಂದಲೋ ದಯೆಯಿಂದಲೋ? ಭಯದಿಂದ ಆರಂಭವಾದ ಕೆಲಸ ದಯೆಯಾಗಿ ಬೆಳೆಯಬಹುದೇ?

3) 1943ರ ಬಂಗಾಳದಲ್ಲಿ ಅಕ್ಕಿ ಮುಚ್ಚಿಟ್ಟವರ ಮಾತು ಬಂದಿತು. ಅಭಾವದ ಕಾಲದಲ್ಲಿ ವ್ಯಾಪಾರಿಯ ನಡೆ ಹೇಗಿರಬೇಕು?

4) ನಿಮ್ಮ ಊರಿನಿಂದ ಸೈನ್ಯಕ್ಕೆ ಹೋಗಿ ಮರಳಿ ಬಾರದವರು ಯಾರಾದರೂ ಇದ್ದಾರೆಯೇ? ಅವರ ಮನೆಯವರನ್ನು ಗೋಷ್ಠಿಗೆ ಕರೆದು ಅವರ ಮಾತು ಕೇಳಿರಿ.